ಬ್ರೆಡ್ ಪ್ಯಾಕೆಟ್ಟಿನ ಬೆನ್ನು

ನಮ್ಮಲ್ಲಿ ಬ್ರೆಡ್ಡು ಇವತ್ತಿಗೂ ಅರ್ಧ ತಿಂಡಿ, ಅರ್ಧ ಪಥ್ಯ. ಜ್ವರ ಬಂದ ಮಗುವಿಗೆ ಹಾಲಿನಲ್ಲಿ ಅದ್ದಿದ ಬ್ರೆಡ್ಡು, ಆಸ್ಪತ್ರೆಗೆ ನೋಡಲು ಹೋಗುವವರ ಕೈಯಲ್ಲಿ ಮೂಸಂಬಿಯ ಜೊತೆಗೊಂದು ಬ್ರೆಡ್ ಪ್ಯಾಕೆಟ್ಟು. ಹೊಟ್ಟೆಗೆ ಹಗುರ, ಯಾರು ತಿಂದರೂ ತೊಂದರೆಯಿಲ್ಲ ಎಂಬ ನಂಬಿಕೆ. ಮನೆಯಲ್ಲಿ ಒಬ್ಬರಿಗೆ ರಕ್ತಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿ, ಕಿಡ್ನಿ ಕುಂದಿದೆ ಎಂದು ತಿಳಿದ ದಿನ ಈ ನಂಬಿಕೆ ಅಲುಗಾಡುತ್ತದೆ. ಸಕ್ಕರೆ ಕಾಯಿಲೆ ನೋಡುವ ಡಾಕ್ಟರು ‘ಬಿಳಿ ಬ್ರೆಡ್ ಬಿಡಿ, ಗೋಧಿಯದು ತಿನ್ನಿ’ ಎಂದಿರುತ್ತಾರೆ. ಕಿಡ್ನಿಗೆ ತೋರಿಸಿದಲ್ಲಿ ಕೊಟ್ಟ ಪಥ್ಯದ ಚೀಟಿಯಲ್ಲಿ ‘ಗೋಧಿ ಬ್ರೆಡ್, ರಾಗಿ ಬೇಡ, ಬಿಳಿ ಬ್ರೆಡ್ ಆಗಬಹುದು’ ಎಂದು ಬರೆದಿರುತ್ತದೆ. ನೆಂಟರು ಬಂದು ಮೈದಾ ಕರುಳಿಗೆ ಅಂಟಿಕೊಳ್ಳುತ್ತದೆ ಎಂದು ಹೆದರಿಸಿ ಹೋಗುತ್ತಾರೆ. ಅತ್ತ ದರಿ, ಇತ್ತ ಪುಲಿ.

ಈ ಗೊಂದಲದಲ್ಲಿ ಬ್ರೆಡ್ಡನ್ನೇ ಬಿಟ್ಟವರಿದ್ದಾರೆ. ಅದರಿಂದ ದೊಡ್ಡ ನಷ್ಟವೇನಿಲ್ಲ. ಆದರೆ ಒಂದೊಂದಾಗಿ ಎಲ್ಲವನ್ನೂ ಬಿಡುತ್ತ ಹೋಗಿ, ತಿನ್ನುವುದಕ್ಕೇ ಹೆದರಿ, ಮೈ ಸೊರಗಿಸಿಕೊಂಡವರೂ ಇದ್ದಾರೆ. ಕಿಡ್ನಿ ಕಾಯಿಲೆಯಲ್ಲಿ ಹೊಟ್ಟೆಗೆ ಸಾಲದಿರುವುದು ತಾನೇ ಒಂದು ಅಪಾಯ. ಆದ್ದರಿಂದ ಬ್ರೆಡ್ಡಿನ ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ನಾನು ಹೇಳಬೇಕೆಂದಿರುವುದು ಇಷ್ಟು: ಬಿಳಿಯೋ ಕಂದೋ ಎಂಬ ಪ್ರಶ್ನೆಗೆ ನಾವು ಕೊಟ್ಟಿರುವ ತೂಕ ಹೆಚ್ಚಾಯಿತು. ಉಪ್ಪು, ಸೇರಿಸಿದ ಫಾಸ್ಫೇಟ್, ಬ್ರೆಡ್ಡಿನ ಮೇಲೆ ಸವರಿಕೊಳ್ಳುವ ವಸ್ತು, ಈ ಮೂರರ ಕಡೆಗೆ ಗಮನ ಕಡಿಮೆಯಾಯಿತು. (ಕಿಡ್ನಿಯಲ್ಲಿ ಕಲ್ಲಾದವರ ಪಥ್ಯ ಬೇರೆ. ಇದು ಕಿಡ್ನಿಯ ಕೆಲಸವೇ ಕುಂದಿದವರ ಮಾತು.)

ಆರೋಗ್ಯವಂತರ ಮೂತ್ರಪಿಂಡಗಳು ದಿನವಿಡೀ ಸೋಸಿ ಹೊರಹಾಕುವ ಮೂರು ವಸ್ತುಗಳು ಬ್ರೆಡ್ಡಿಗೆ ಸಂಬಂಧಪಟ್ಟಿವೆ. ಸೋಡಿಯಂ, ಎಂದರೆ ಹೆಚ್ಚುಕಡಿಮೆ ಉಪ್ಪು, ಮೈಯಲ್ಲಿ ಉಳಿದರೆ ನೀರನ್ನು ಹಿಡಿದಿಡುತ್ತದೆ. ಬಿ.ಪಿ. ಏರುತ್ತದೆ, ಕಾಲು ಊದುತ್ತದೆ. ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತದ ಲಯ ತಪ್ಪುತ್ತದೆ. ಅದು ಮುನ್ಸೂಚನೆ ಕೊಡದೆ ಬರುವ ಅಪಾಯ. ಫಾಸ್ಫರಸ್‌ನದು ನಿಧಾನದ ಹಾನಿ. ರಕ್ತದಲ್ಲಿ ಅದು ಹೆಚ್ಚಾಗಿಯೇ ಇದ್ದರೆ ಮೂಳೆಯಿಂದ ಕ್ಯಾಲ್ಸಿಯಂ ಕರಗುತ್ತದೆ, ರಕ್ತನಾಳದ ಗೋಡೆಗಳು ಸುಣ್ಣಗಟ್ಟಿ ಗಡುಸಾಗುತ್ತವೆ. ಡಯಾಲಿಸಿಸ್ ಮಾಡಿಸಿಕೊಳ್ಳುವ ಎಷ್ಟೋ ಜನರ ನಿದ್ದೆ ಕೆಡಿಸುವ ಮೈತುರಿಕೆಗೂ ಅದರ ನಂಟಿದೆ.

ಇನ್ನು ಲೆಕ್ಕ. 100 ಗ್ರಾಂ ಬಿಳಿ ಬ್ರೆಡ್ಡಿನಲ್ಲಿ ಫಾಸ್ಫರಸ್ ಸುಮಾರು 100 ಮಿಲಿಗ್ರಾಂ, ಪೂರ್ಣ ಗೋಧಿಯ ಬ್ರೆಡ್ಡಿನಲ್ಲಿ ಸುಮಾರು 200. ಪೊಟ್ಯಾಸಿಯಂ ಕೂಡ ಹಾಗೆಯೇ, ಒಂದರಲ್ಲಿ 120ರ ಆಸುಪಾಸು, ಇನ್ನೊಂದರಲ್ಲಿ 250ರ ಆಸುಪಾಸು. ಗೋಧಿಯ ಹೊಟ್ಟಿನಲ್ಲೂ ಮೊಳಕೆಯ ಭಾಗದಲ್ಲೂ ಖನಿಜಗಳಿರುತ್ತವೆ. ಮೈದಾ ಮಾಡುವಾಗ ಅವೆರಡೂ ಹೋಗುತ್ತವೆ. ‘ಕಿಡ್ನಿಗೆ ಬಿಳಿ ಬ್ರೆಡ್ಡೇ ಸರಿ’ ಎಂಬ ಹಳೆಯ ಸಲಹೆ ಹುಟ್ಟಿದ್ದು ಈ ಎರಡರಷ್ಟು ವ್ಯತ್ಯಾಸದಿಂದ. ಅದು ಸುಳ್ಳಲ್ಲ. ಆದರೆ ಹೆಚ್ಚಿನವರು ಒಂದು ಹೊತ್ತಿಗೆ 100 ಗ್ರಾಂ ತಿನ್ನುವುದಿಲ್ಲ. ಎರಡು ಹೋಳು ತಿಂದರೆ 50 ಗ್ರಾಂ. ಆಗ ಬಿಳಿಗೂ ಗೋಧಿಗೂ ಫಾಸ್ಫರಸ್‌ನಲ್ಲಿ ಉಳಿಯುವ ಅಂತರ ಸುಮಾರು 50 ಮಿಲಿಗ್ರಾಂ. ಆ ಎರಡು ಹೋಳನ್ನು ಅದ್ದಿ ತಿನ್ನಲು ಇಟ್ಟುಕೊಂಡ ಒಂದು ಲೋಟ ಹಾಲಿನಲ್ಲಿ, 200 ಮಿಲಿಲೀಟರ್ ಎಂದುಕೊಂಡರೂ, 200 ಮಿಲಿಗ್ರಾಂ ಹತ್ತಿರ ಫಾಸ್ಫರಸ್ ಇರುತ್ತದೆ. ಬ್ರೆಡ್ಡಿನ ಬಣ್ಣದ ಬಗ್ಗೆ ಮನೆಮಂದಿಯೆಲ್ಲ ವಾದ ಮಾಡುವಾಗ ಲೋಟದ ಕಡೆ ಯಾರೂ ನೋಡಿರುವುದಿಲ್ಲ.

ಇನ್ನೂ ಒಂದು ಸಂಗತಿ ಇದೆ, ನನಗೆ ತುಂಬ ಮುಖ್ಯವೆನಿಸಿರುವುದು. ಕಾಳಿನಲ್ಲಿರುವ ಫಾಸ್ಫರಸ್ಸೆಲ್ಲ ನಮ್ಮ ರಕ್ತ ಸೇರುವುದಿಲ್ಲ. ಅದರ ಬಹುಪಾಲು ಫೈಟೇಟ್ ಎಂಬ ರೂಪದಲ್ಲಿ ಬೀಗ ಹಾಕಿಟ್ಟಂತೆ ಇರುತ್ತದೆ, ಆ ಬೀಗ ತೆಗೆಯುವ ಕಿಣ್ವ ಮನುಷ್ಯರ ಕರುಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಧಾನ್ಯ, ಬೇಳೆಗಳ ಫಾಸ್ಫರಸ್‌ನಲ್ಲಿ ಅರ್ಧಕ್ಕಿಂತ ಕಡಿಮೆ ಪಾಲು ಮಾತ್ರ ಮೈಗೆ ಹತ್ತುತ್ತದೆ. ಕಾರ್ಖಾನೆಯಲ್ಲಿ ಪುಡಿಯ ರೂಪದಲ್ಲಿ ಸೇರಿಸುವ ಫಾಸ್ಫೇಟ್ ಹಾಗಲ್ಲ. ಅದು ಶೇ. 90ಕ್ಕೂ ಹೆಚ್ಚು ಹೀರಿಕೊಳ್ಳಲ್ಪಡುತ್ತದೆ. ಅಂದರೆ ಫಾಸ್ಫೇಟ್ ಸೇರಿಸಿದ ಒಂದು ಬಿಳಿ ಬನ್ನು, ಏನೂ ಸೇರಿಸದ ಗೋಧಿ ಬ್ರೆಡ್ಡಿಗಿಂತ ಹೆಚ್ಚು ಹೊರೆಯಾಗಬಹುದು. ಕಿಡ್ನಿ ಕಾಯಿಲೆಯ ಆಹಾರದ ಬಗ್ಗೆ ಅಮೆರಿಕದ ತಜ್ಞರು 2020ರಲ್ಲಿ ಹೊರತಂದ ಮಾರ್ಗಸೂಚಿ ದಿನಕ್ಕೆ ಇಷ್ಟೇ ಮಿಲಿಗ್ರಾಂ ಎಂಬ ಹಳೆಯ ಒಂದೇ ಅಳತೆಯನ್ನು ಕೈಬಿಟ್ಟು, ರಕ್ತದ ಮಟ್ಟ ನೋಡಿ ನಿರ್ಧರಿಸಿ, ಫಾಸ್ಫರಸ್ ಯಾವ ಮೂಲದಿಂದ ಬಂದಿದೆ ಎಂಬುದನ್ನೂ ಗಮನಿಸಿ ಎಂದಿತು. ಎಷ್ಟೋ ಆಸ್ಪತ್ರೆಗಳಲ್ಲಿ ಕೈಗೆ ಕೊಡುವ ಚೀಟಿ ಮಾತ್ರ ಇನ್ನೂ ಅದಕ್ಕಿಂತ ಹಳೆಯದು.

ಗೋಧಿ ಬ್ರೆಡ್ಡಿನ ಪರವಾಗಿ ಇನ್ನೊಂದು ಮಾತು. ಅದರಲ್ಲಿ ನಾರು ಬಿಳಿಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಕಿಡ್ನಿ ಕುಂದಿದಂತೆ ಪೊಟ್ಯಾಸಿಯಂನ ಮೊದಲಿಗಿಂತ ಹೆಚ್ಚಿನ ಪಾಲು ಮಲದ ದಾರಿಯಿಂದ ಹೋಗತೊಡಗುತ್ತದೆ. ಮಲಬದ್ಧತೆಯಾದರೆ ಆ ದಾರಿಯೂ ಕಟ್ಟಿತು. ನೀರು ಕಡಿಮೆ, ಹಣ್ಣು ಕಡಿಮೆ, ತರಕಾರಿ ಬೇಯಿಸಿ ಬಸಿದದ್ದು, ಜೊತೆಗೆ ಮಾತ್ರೆಗಳು ಎಂಬ ಸ್ಥಿತಿಯಲ್ಲಿರುವ ರೋಗಿಗೆ ಹೊಟ್ಟೆ ಸರಿಹೋಗುವುದು ಸಣ್ಣ ವಿಷಯವಲ್ಲ. ಸಕ್ಕರೆ ಕಾಯಿಲೆಯೂ ಇದ್ದರೆ ನಾರಿನ ಬೆಲೆ ಇನ್ನೂ ಹೆಚ್ಚು. ಫಾಸ್ಫರಸ್, ಪೊಟ್ಯಾಸಿಯಂ ಎರಡೂ ರಕ್ತದಲ್ಲಿ ಹತೋಟಿಯಲ್ಲಿದ್ದವರು ಬೆಳಗ್ಗೆ ಎರಡು ಹೋಳು ಗೋಧಿ ಬ್ರೆಡ್ ತಿನ್ನಲು ಹೆದರಬೇಕಿಲ್ಲ. ಮಟ್ಟ ಏರಿದ್ದಾಗ ಬಿಳಿಗೆ ಬಂದರಾಯಿತು, ಇಳಿದಾಗ ಡಾಕ್ಟರನ್ನು ಕೇಳಿ ಮತ್ತೆ ಗೋಧಿಗೆ ಹೋದರಾಯಿತು.

ಆದರೆ ‘ಗೋಧಿ ಬ್ರೆಡ್’ ಎಂದು ಮುಂದೆ ಬರೆದದ್ದನ್ನೆಲ್ಲ ನಂಬುವಂತಿಲ್ಲ. ಕಂದು ಬಣ್ಣ ಕ್ಯಾರಮೆಲ್‌ನಿಂದಲೂ ಬರುತ್ತದೆ, ಪದಾರ್ಥಗಳ ಪಟ್ಟಿಯಲ್ಲಿ ಅದು ಐಎನ್‌ಎಸ್ 150 ಎಂದು ಕಾಣಿಸುತ್ತದೆ (ಐಎನ್‌ಎಸ್ ಎಂದರೆ ಆಹಾರಕ್ಕೆ ಸೇರಿಸುವ ವಸ್ತುಗಳಿಗೆ ಕೊಟ್ಟಿರುವ ಅಂತರರಾಷ್ಟ್ರೀಯ ಸಂಖ್ಯೆ). ಪ್ಯಾಕೆಟ್ಟಿನ ಬೆನ್ನಿನಲ್ಲಿ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಮೊದಲ ಪದಾರ್ಥ ಮೈದಾ ಆಗಿದ್ದು, ಗೋಧಿ ಹಿಟ್ಟೋ ರಾಗಿಯೋ ಮೂರನೆಯದೋ ನಾಲ್ಕನೆಯದೋ ಆಗಿದ್ದರೆ ಅದು ಬಣ್ಣ ಹಚ್ಚಿದ ಬಿಳಿ ಬ್ರೆಡ್ಡೇ. ಮಲ್ಟಿಗ್ರೇನ್ ಎಂದು ಬರುವುದರಲ್ಲಿ ಅಗಸೆ, ಸೂರ್ಯಕಾಂತಿ, ಕುಂಬಳ ಬೀಜಗಳಿರುತ್ತವೆ. ಬೇರೆಯವರಿಗೆ ಒಳ್ಳೆಯವೇ, ಫಾಸ್ಫರಸ್ ಮತ್ತು ಪೊಟ್ಯಾಸಿಯಂ ಏರಿರುವವರಿಗೆ ಮಾತ್ರ ಬೇಡದ ಹೊರೆ.

ಅದೇ ಪಟ್ಟಿಯಲ್ಲಿ ಹುಡುಕಬೇಕಾದ ಸಂಖ್ಯೆಗಳಿವೆ. ಐಎನ್‌ಎಸ್ 338ರಿಂದ 343ರವರೆಗಿನವು, 450, 451, 452 ಮತ್ತು 541. ಇವೆಲ್ಲ ಫಾಸ್ಫೇಟ್ ಕುಲದವು. ಈ ಸಾಲುಗಳನ್ನು ಕತ್ತರಿಸಿ ಪರ್ಸಿನಲ್ಲಿಟ್ಟುಕೊಳ್ಳಿ. ಮನೆಯಲ್ಲಿ ಇಂಗ್ಲಿಷ್ ಓದುವ ಮಕ್ಕಳಿದ್ದರೆ ಪಟ್ಟಿಯಲ್ಲಿ ‘ಫಾಸ್’ ಎಂಬ ಸದ್ದಿರುವ ಪದ ಎಲ್ಲಿದೆ ಹುಡುಕಿಕೊಡು ಎಂದು ಹೇಳಿ, ಅಜ್ಜನ ಪಥ್ಯದಲ್ಲಿ ಅವರಿಗೂ ಒಂದು ಪಾಲು ಸಿಗುತ್ತದೆ. ಈಸ್ಟ್‌ನಿಂದ ಉಬ್ಬಿಸಿದ ಸಾದಾ ಬ್ರೆಡ್ಡಿಗೆ ಫಾಸ್ಫೇಟ್ ಬೇಕೇಬೇಕು ಎಂದಿಲ್ಲ, ಅದಿಲ್ಲದ ಪ್ಯಾಕೆಟ್ಟುಗಳು ಹುಡುಕಿದರೆ ಸಿಗುತ್ತವೆ. ಬೇಕಿಂಗ್ ಪೌಡರಿನಿಂದ ಉಬ್ಬುವ ಕೇಕು, ಮಫಿನ್ನು, ಪ್ಯಾನ್‌ಕೇಕ್ ಮಿಶ್ರಣ, ಕೆಲವು ಸಿದ್ಧ ರೋಲು ಮತ್ತು ಪರೋಟಗಳಲ್ಲಿ ಅದು ಹೆಚ್ಚಾಗಿ ಕಾಣುತ್ತದೆ. 282 ಎಂದಿದ್ದರೆ ಅದು ಬೂಸು ಬಾರದಂತೆ ಹಾಕುವ ಕ್ಯಾಲ್ಸಿಯಂ ಪ್ರೊಪಿಯೊನೇಟ್. ಅದರಲ್ಲಿ ಫಾಸ್ಫರಸ್ ಇಲ್ಲ. ಪ್ರಿಸರ್ವೇಟಿವ್ ಎಂಬ ಪದ ಕಂಡೊಡನೆ ಬೆಚ್ಚುವ ನಾವು, ಈ ಕಾಯಿಲೆಯ ಮಟ್ಟಿಗೆ ಹೆದರಬೇಕಾದದ್ದು ಬೇರೆ ಸಾಲಿನಲ್ಲಿದೆ.

ಪ್ಯಾಕೆಟ್ಟಿನ ಪೋಷಕಾಂಶದ ಕೋಷ್ಟಕದಲ್ಲಿ ಸೋಡಿಯಂ ಎಷ್ಟೆಂದು ತಿಳಿಸುವುದು ಕಡ್ಡಾಯ. ಪೊಟ್ಯಾಸಿಯಂ, ಫಾಸ್ಫರಸ್ ತಿಳಿಸುವುದು ಕಡ್ಡಾಯವಲ್ಲ. ಲಕ್ಷಗಟ್ಟಲೆ ಕಿಡ್ನಿ ರೋಗಿಗಳಿರುವ ದೇಶದಲ್ಲಿ ಇದು ಬದಲಾಗಬೇಕು ಎಂದು ನಾನು ದೃಢವಾಗಿ ನಂಬುತ್ತೇನೆ. ಅಲ್ಲಿಯವರೆಗೆ ಐಎನ್‌ಎಸ್ ಸಂಖ್ಯೆಗಳೇ ನಮಗೆ ದಾರಿ.

ಈಗ ಉಪ್ಪಿಗೆ ಬರೋಣ. ಬ್ರೆಡ್ಡು ನಾಲಿಗೆಗೆ ಉಪ್ಪೆನಿಸುವುದಿಲ್ಲ, ಮೋಸ ಇರುವುದೇ ಅಲ್ಲಿ. ಬೇಕರಿಯ ರೂಢಿಯಲ್ಲಿ ಹಿಟ್ಟಿನ ತೂಕದ ಶೇ. 2ರಷ್ಟು ಉಪ್ಪು ಹಾಕುತ್ತಾರೆ. ಉಪ್ಪಿಲ್ಲದಿದ್ದರೆ ಈಸ್ಟ್ ಹದ ಮೀರಿ ಉಬ್ಬುತ್ತದೆ, ಹಿಟ್ಟು ಬಿಗಿಯಾಗುವುದಿಲ್ಲ, ರುಚಿಯೂ ಇರುವುದಿಲ್ಲ. ಈ ಲೆಕ್ಕದಲ್ಲಿ 400 ಗ್ರಾಂನ ಒಂದು ಸಾಧಾರಣ ಪ್ಯಾಕೆಟ್ಟಿನಲ್ಲಿ ಸುಮಾರು 5 ಗ್ರಾಂ ಉಪ್ಪು ಬಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಒಬ್ಬ ವಯಸ್ಕರ ಇಡೀ ದಿನದ ಊಟ ತಿಂಡಿಗೆಲ್ಲ ಸೇರಿಸಿ ಹಾಕಿರುವ ಮಿತಿಯೂ ಅಷ್ಟೇ, 5 ಗ್ರಾಂ. ಕಿಡ್ನಿ ಕಾಯಿಲೆಯವರಿಗೆ 2024ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದೂ ಅದನ್ನೇ, ದಿನಕ್ಕೆ 2 ಗ್ರಾಂಗಿಂತ ಕಡಿಮೆ ಸೋಡಿಯಂ, ಎಂದರೆ 5 ಗ್ರಾಂಗಿಂತ ಕಡಿಮೆ ಉಪ್ಪು. ಬೆಳಗ್ಗೆ ನಾಲ್ಕು ಹೋಳು ತಿಂದವರು ದಿನದ ಉಪ್ಪಿನ ಕಾಲುಭಾಗವನ್ನು ಅನ್ನ ಸಾರು ಮುಟ್ಟುವ ಮೊದಲೇ ಮುಗಿಸಿರುತ್ತಾರೆ. ಬಿಳಿ, ಕಂದು, ಹುಳಿ ಹಿಟ್ಟಿನಿಂದ ಉಬ್ಬಿಸಿದ ಸೋರ್‌ಡೋ ಯಾವುದೇ ಆಗಲಿ, ಉಪ್ಪಿನಲ್ಲಿ ದೊಡ್ಡ ಅಂತರವಿರುವುದಿಲ್ಲ.

ಡಯಾಲಿಸಿಸ್‌ನವರಿಗೆ ಇದು ಬಾಯಾರಿಕೆಯ ಪ್ರಶ್ನೆ. ಉಪ್ಪು ಒಳಗೆ ಹೋದಷ್ಟೂ ನೀರಡಿಕೆ, ನೀರು ಕುಡಿದಷ್ಟೂ ಎರಡು ಡಯಾಲಿಸಿಸ್‌ಗಳ ನಡುವೆ ತೂಕ ಏರುವುದು, ತೂಕ ಏರಿದಷ್ಟೂ ಮುಂದಿನ ಸಲ ಹೆಚ್ಚು ನೀರು ಎಳೆಯಬೇಕಾಗಿ ಬಿ.ಪಿ. ಇಳಿದು ಕಾಲು ಹಿಡಿದುಕೊಳ್ಳುವುದು. ‘ನೀರು ಕಡಿಮೆ ಕುಡಿಯಿರಿ’ ಎಂದು ರೋಗಿಯನ್ನು ಗದರುವ ಮೊದಲು ಅವರ ತಟ್ಟೆಯಲ್ಲಿದ್ದ ಉಪ್ಪನ್ನು ನೋಡಬೇಕು. ಬಾಯಾರಿಕೆಯನ್ನು ಬರಿಯ ಮನೋಬಲದಿಂದ ತಡೆದುಕೊಳ್ಳಿ ಎನ್ನುವುದು ಕ್ರೂರ.

ಹಾಗಾದರೆ ಅಂಗಡಿಯಲ್ಲಿ ನಿಂತು ಯಾವ ಅಳತೆ ಹಿಡಿಯುವುದು? ದಕ್ಷಿಣ ಆಫ್ರಿಕಾ ಬ್ರೆಡ್ಡಿನ ಉಪ್ಪಿಗೆ ಕಾನೂನಿನ ಮಿತಿ ಹಾಕಿದ ದೇಶ. 2016ರಿಂದ 100 ಗ್ರಾಂಗೆ 400 ಮಿಲಿಗ್ರಾಂ ಸೋಡಿಯಂ, 2019ರಿಂದ 380. ಆ 380ನ್ನು ನೆನಪಿಟ್ಟುಕೊಳ್ಳಿ. ಎರಡು ಪ್ಯಾಕೆಟ್ಟುಗಳನ್ನು ಹೋಲಿಸಿ 100 ಗ್ರಾಂಗೆ ಯಾವುದರಲ್ಲಿ ಸೋಡಿಯಂ ಕಡಿಮೆಯೋ ಅದನ್ನು ಬುಟ್ಟಿಗೆ ಹಾಕಿಕೊಳ್ಳಿ, 380ಕ್ಕಿಂತ ಕೆಳಗಿದ್ದರೆ ಇನ್ನೂ ಒಳ್ಳೆಯದು. ಒಂದೇ ಎಚ್ಚರಿಕೆ: ‘ಲೋ ಸೋಡಿಯಂ’ ಎಂದು ದೊಡ್ಡದಾಗಿ ಬರೆದಿದ್ದರೆ ಐಎನ್‌ಎಸ್ 508 ಇದೆಯೇ ನೋಡಿ. ಅದು ಪೊಟ್ಯಾಸಿಯಂ ಕ್ಲೋರೈಡ್, ಉಪ್ಪಿನ ಬದಲಿಗೆ ಹಾಕುವುದು. ಅಂಗಡಿಯಲ್ಲಿ ಸಿಗುವ ಲೋ ಸೋಡಿಯಂ ಅಡುಗೆ ಉಪ್ಪಿನಲ್ಲೂ ಅದೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಜನವರಿಯಲ್ಲಿ ಇಂಥ ಉಪ್ಪನ್ನು ಬಳಸಬಹುದು ಎಂದು ಹೇಳಿದಾಗಲೂ ಕಿಡ್ನಿ ತೊಂದರೆಯವರನ್ನು ಆ ಸಲಹೆಯಿಂದ ಹೊರಗಿಟ್ಟಿದೆ. ಮಕ್ಕಳು ಕಾಳಜಿಯಿಂದಲೇ ತಂದುಕೊಟ್ಟ ಆ ಪೊಟ್ಟಣ ತಂದೆಯ ಹೃದಯಕ್ಕೆ ಕುತ್ತಾಗಬಾರದು.

ಬೇಕರಿಯಲ್ಲಿ ಬಿಡಿಯಾಗಿ ಕೊಳ್ಳುವ ಬ್ರೆಡ್ಡಿಗೆ ಬೆನ್ನಿನ ಬರಹವೇ ಇರುವುದಿಲ್ಲ. ನಮ್ಮ ಊರೂರಿನ ಅಯ್ಯಂಗಾರ್ ಬೇಕರಿಗಳಲ್ಲಿ ಒಂದು ಅನುಕೂಲವಿದೆ. ಬ್ರೆಡ್ಡು ಅಂದಂದೇ ಸುಟ್ಟದ್ದು, ಮಾಡುವವರು ಅಲ್ಲೇ ಸಿಗುತ್ತಾರೆ. ‘ಉಪ್ಪು ಎಷ್ಟು ಹಾಕ್ತೀರಿ ಸ್ವಾಮಿ, ಹಿಟ್ಟಿನ ಹದಕ್ಕೆ ಇಂಪ್ರೂವರ್ ಪುಡಿ ಹಾಕ್ತೀರಾ?’ ಎಂದು ಕೇಳಿದರೆ ಹೇಳುತ್ತಾರೆ. ಮನೆಯಲ್ಲಿ ರೋಗಿಯಿದ್ದಾರೆಂದು ತಿಳಿಸಿ, ವಾರಕ್ಕೊಂದು ಉಪ್ಪು ಅರ್ಧ ಮಾಡಿದ ಬ್ರೆಡ್ ಮಾಡಿಕೊಡುತ್ತೀರಾ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಆದರೆ ಅದೇ ಗಾಜಿನ ಕಪಾಟಿನ ಖಾರ ಬನ್ನು, ಖಾರ ಬಿಸ್ಕತ್ತು, ನಿಪ್ಪಟ್ಟು, ಮಸಾಲೆ ಹಚ್ಚಿದ ಟೋಸ್ಟು ಉಪ್ಪಿನ ಮೂಟೆಗಳು. ದಿಲ್‌ಪಸಂದ್ ಸಿಹಿಯೇ ಆದರೂ ಅದರೊಳಗಿನ ಕೊಬ್ಬರಿ, ಟೂಟಿಫ್ರೂಟಿಯ ಹೂರಣ ಸಕ್ಕರೆ ಕಾಯಿಲೆಯವರಿಗೂ ಪೊಟ್ಯಾಸಿಯಂ ಏರಿದವರಿಗೂ ಆಗಿಬರುವುದಿಲ್ಲ.

ಬ್ರೆಡ್ಡಿನ ಮೇಲೇನು ಎಂಬುದಕ್ಕೆ ಚೀಟಿಗಳಲ್ಲಿ ಜಾಗವೇ ಇರುವುದಿಲ್ಲ. ಪ್ಯಾಕೆಟ್ಟಿನ ಹಳದಿ ಬೆಣ್ಣೆಗೆ ಸಾಮಾನ್ಯವಾಗಿ ಉಪ್ಪು ಹಾಕಿರುತ್ತಾರೆ. ಮನೆಯಲ್ಲಿ ಕಡೆದ ಬೆಣ್ಣೆಗೆ ಉಪ್ಪಿಲ್ಲ, ಫಾಸ್ಫರಸ್ಸೂ ಬಹಳ ಕಡಿಮೆ, ತೆಳ್ಳಗೆ ಸವರಿಕೊಳ್ಳಬಹುದು. ಚೀಸ್ ಸ್ಲೈಸ್ ಮಾತ್ರ ಬೇಡ. ಹಾಲಿನ ಫಾಸ್ಫರಸ್ ಸಾಲದೆಂಬಂತೆ ಅದು ನುಣ್ಣಗೆ ಕರಗಲೆಂದು ಫಾಸ್ಫೇಟ್ ಲವಣಗಳನ್ನು ಸೇರಿಸಿರುತ್ತಾರೆ, ಉಪ್ಪೂ ಧಾರಾಳ. ಕಡಲೆಕಾಯಿ ಬೆಣ್ಣೆಯಲ್ಲಿ ಪೊಟ್ಯಾಸಿಯಂ, ಫಾಸ್ಫರಸ್ ಎರಡೂ ಜಾಸ್ತಿ. ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ನನ್ನ ಮೊದಲ ಶಿಫಾರಸು ಬ್ರೆಡ್ಡಿನ ಜೊತೆ ಮೊಟ್ಟೆಯ ಬಿಳಿಭಾಗದ ಆಮ್ಲೆಟ್. ಒಂದು ಮೊಟ್ಟೆಯ ಬಿಳಿಯಲ್ಲಿ ಮೂರೂವರೆ ಗ್ರಾಂನಷ್ಟು ಒಳ್ಳೆಯ ಪ್ರೋಟೀನು, ಫಾಸ್ಫರಸ್ ಇಲ್ಲವೆನ್ನುವಷ್ಟು ಕಡಿಮೆ. ಈರುಳ್ಳಿ, ಕಾಳುಮೆಣಸು, ನಿಂಬೆರಸ ಹಾಕಿದರೆ ಉಪ್ಪು ಅರ್ಧವಾದದ್ದು ಅಷ್ಟಾಗಿ ಗೊತ್ತಾಗುವುದಿಲ್ಲ. ಡಯಾಲಿಸಿಸ್‌ನಲ್ಲಿರುವವರಿಗೆ ದೇಹತೂಕದ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನು ಬೇಕು, ಬರಿಯ ಬ್ರೆಡ್ಡು ಚಹಾ ಅದನ್ನು ತುಂಬಲಾರದು. ಇನ್ನೂ ಡಯಾಲಿಸಿಸ್ ಹಂತಕ್ಕೆ ಬಾರದವರಿಗೆ ಲೆಕ್ಕ ಬೇರೆ, ಡಾಕ್ಟರು ಪ್ರೋಟೀನನ್ನು ಕಿಲೋಗೆ 0.6ರಿಂದ 0.8 ಗ್ರಾಂವರೆಗೆ ಇಳಿಸಿರಬಹುದು. ಇಟಲಿಯಲ್ಲಿ ಅಂಥವರಿಗೆಂದೇ ಪ್ರೋಟೀನು ತೆಗೆದ ಹಿಟ್ಟಿನ ಬ್ರೆಡ್ಡು, ಪಾಸ್ತಾ ಸಿಗುತ್ತವೆ. ನಮ್ಮಲ್ಲಿ ಆ ಕೆಲಸವನ್ನು ಅಕ್ಕಿ ಬಹುಮಟ್ಟಿಗೆ ಮಾಡುತ್ತದೆ.

ಅಕ್ಕಿಯ ಮಾತು ಬಂದದ್ದರಿಂದ ರೊಟ್ಟಿಯ ಮಾತನ್ನೂ ಆಡಬೇಕು. ಬ್ರೆಡ್ಡು ಅನಿವಾರ್ಯವಲ್ಲದ ನಾಡು ನಮ್ಮದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಕೋಷ್ಟಕ ತೆರೆದರೆ 100 ಗ್ರಾಂ ಅಕ್ಕಿಯಲ್ಲಿ ಫಾಸ್ಫರಸ್ ಸುಮಾರು 96 ಮಿಲಿಗ್ರಾಂ, ಮೈದಾದಲ್ಲಿ 101, ರಾಗಿಯಲ್ಲಿ 210, ಜೋಳದಲ್ಲಿ 274, ಗೋಧಿ ಹಿಟ್ಟಿನಲ್ಲಿ 315. ಮೊದಲ ಸಲ ನೋಡಿದವರು ಬೆರಗಾಗುತ್ತಾರೆ. ಹಳೆ ಮೈಸೂರು ಕಡೆ ಕಿಡ್ನಿ ಎಂದ ಕೂಡಲೇ ಮುದ್ದೆ ಬಿಡಿಸಿ ಚಪಾತಿ ಹಿಡಿಸುತ್ತಾರಲ್ಲ, ಫಾಸ್ಫರಸ್ ಲೆಕ್ಕದಲ್ಲಿ ಚಪಾತಿಯೇ ಮುಂದಿದೆ! ರಾಗಿಯ ತೊಡಕಿರುವುದು ಪೊಟ್ಯಾಸಿಯಂನಲ್ಲಿ, 100 ಗ್ರಾಂಗೆ 440 ದಾಟುತ್ತದೆ, ಗೋಧಿ ಹಿಟ್ಟಿನಲ್ಲಿ 310ರಷ್ಟು, ಅಕ್ಕಿಯಲ್ಲಿ 110ರ ಒಳಗೆ. ಪೊಟ್ಯಾಸಿಯಂ ಸರಿಯಾಗಿರುವ ರೈತನೊಬ್ಬ ಜೀವಮಾನವಿಡೀ ಉಂಡ ಮುದ್ದೆಯನ್ನು ವಾರಕ್ಕೆ ಒಂದೆರಡು ಸಲ, ಚಿಕ್ಕದಾಗಿ ಉಣ್ಣಬಹುದೇ ಎಂದು ಡಾಕ್ಟರನ್ನು ಕೇಳಲೇಬೇಕು. ಊಟದ ಮೇಲಿನ ಆಸೆ ಬತ್ತಿದರೆ ಮೈ ಉಳಿಯುವುದು ಕಷ್ಟ.

ಉತ್ತರ ಕರ್ನಾಟಕದ ಜೋಳದ ರೊಟ್ಟಿಗೆ ಇನ್ನೊಂದು ಹೆಚ್ಚುಗಾರಿಕೆ ಇದೆ. ಬಹಳಷ್ಟು ಮನೆಗಳಲ್ಲಿ ಬಿಸಿನೀರಿನಲ್ಲಿ ನಾದಿದ ಹಿಟ್ಟಿಗೆ ಉಪ್ಪನ್ನೇ ಹಾಕುವುದಿಲ್ಲ. ಎರಡು ರೊಟ್ಟಿ ತಿಂದರೂ ಸೋಡಿಯಂ ಸೊನ್ನೆಗೆ ಹತ್ತಿರ. ಈಸ್ಟ್ ಹಾಕಿ ಹುದುಗಿಸಿದ ಬ್ರೆಡ್ಡಿನಲ್ಲಿ ಫೈಟೇಟ್ ಒಂದಷ್ಟು ಒಡೆದು ಫಾಸ್ಫರಸ್ ಬಿಡುಗಡೆಯಾಗುತ್ತದೆ, ಸೋರ್‌ಡೋದಲ್ಲಿ ಇನ್ನೂ ಹೆಚ್ಚು. ರೊಟ್ಟಿಯಲ್ಲಿ ಹುದುಗುವಿಕೆಯೇ ಇಲ್ಲ, ಹಾಗಾಗಿ ಫೈಟೇಟ್‌ನ ಬೀಗ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಆದರೆ ಪಕ್ಕದಲ್ಲಿ ಶೇಂಗಾ ಚಟ್ನಿಪುಡಿ, ಕೆಂಪು ಚಟ್ನಿ, ಉಪ್ಪಿನಕಾಯಿ ಬಂದರೆ ಗಳಿಸಿದ್ದೆಲ್ಲ ಹೋಯಿತು. ಅಕ್ಕಿ ರೊಟ್ಟಿ ಫಾಸ್ಫರಸ್, ಪೊಟ್ಯಾಸಿಯಂ ಎರಡರಲ್ಲೂ ಹಗುರ. ಉಪ್ಪು ನಮ್ಮ ಕೈಯಲ್ಲೇ ಇರುತ್ತದೆ. ಸಬ್ಬಸಿಗೆ, ಈರುಳ್ಳಿ, ಹಸಿಮೆಣಸು ಇದ್ದರೆ ಚಿಟಿಕೆ ಉಪ್ಪಿನಲ್ಲೇ ರುಚಿ ಕಟ್ಟುತ್ತದೆ. ಸಕ್ಕರೆ ಕಾಯಿಲೆಯಿದ್ದರೆ ಒಂದಕ್ಕೇ ನಿಲ್ಲಿಸಬೇಕು, ಅಷ್ಟೇ. ಇನ್ಸುಲಿನ್ ತೆಗೆದುಕೊಳ್ಳುವವರು ಇನ್ನೊಂದನ್ನು ತಿಳಿದಿರಬೇಕು. ಕಿಡ್ನಿ ಸೋತಾಗ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಚುಚ್ಚಿಕೊಂಡ ಮೇಲೆ ಪಥ್ಯದ ಹೆದರಿಕೆಗೆ ತಿಂಡಿ ಬಿಟ್ಟರೆ ಸಕ್ಕರೆ ಕುಸಿಯುತ್ತದೆ. ಆಗ ಎಳನೀರು, ಕಿತ್ತಳೆ ರಸ ಕೊಡಬಾರದು, ಅವು ಪೊಟ್ಯಾಸಿಯಂ ತುಂಬಿದವು. ಸಕ್ಕರೆಯನ್ನೇ ಕೊಡಿ.

ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಪೊಟ್ಯಾಸಿಯಂ, ಫಾಸ್ಫರಸ್‌ನ ಬಿಗಿ ಬಹುಮಟ್ಟಿಗೆ ಸಡಿಲವಾಗಿರುತ್ತದೆ. ಅವರು ನೋಡಬೇಕಾದ್ದು ಬೂಸು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆ ನುಂಗುವವರು ಹಸಿರು ಚುಕ್ಕೆ ಕಂಡ ಹೋಳನ್ನಷ್ಟೇ ಕಿತ್ತೆಸೆದು ಉಳಿದದ್ದನ್ನು ತಿನ್ನಬಾರದು. ಬೂಸಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೆಲ್ಲ ಹರಡಿರುತ್ತವೆ. ಮಂಗಳೂರು, ಕಾರವಾರದಂಥ ಸೆಕೆಯ ಊರುಗಳಲ್ಲಿ ಬ್ರೆಡ್ ತಂದ ದಿನವೇ ಎರಡೆರಡು ಹೋಳು ಕಟ್ಟಿ ಫ್ರೀಜರಿನಲ್ಲಿಟ್ಟು, ಬೇಕಾದಾಗ ಕಾವಲಿಯ ಮೇಲೆ ಬಿಸಿ ಮಾಡಿಕೊಳ್ಳುವುದು ಸರಿಯಾದ ದಾರಿ.

ಜಿಲ್ಲಾ ಆಸ್ಪತ್ರೆಗಳಲ್ಲೂ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲೂ ಈಗ ಡಯಾಲಿಸಿಸ್ ಸಿಗುತ್ತದೆ, ಅದು ದೊಡ್ಡ ಉಪಕಾರ. ಪಥ್ಯವನ್ನು ಕೂತು ಬಿಡಿಸಿ ಹೇಳುವವರು ಮಾತ್ರ ಎಲ್ಲ ಕಡೆ ಸಿಗುವುದಿಲ್ಲ. ಆದ್ದರಿಂದ ಮುಂದಿನ ಸಲ ಹೋಗುವಾಗ ರಕ್ತ ಪರೀಕ್ಷೆಯ ವರದಿಯ ಜೊತೆಗೆ ನೀವು ತಿನ್ನುವ ಬ್ರೆಡ್ಡಿನ ಖಾಲಿ ಕವರನ್ನೂ ಒಯ್ಯಿರಿ. ‘ನನ್ನ ಪೊಟ್ಯಾಸಿಯಂ ಇಷ್ಟು, ಫಾಸ್ಫರಸ್ ಇಷ್ಟು, ಈ ಬ್ರೆಡ್ಡಿನ ಎಷ್ಟು ಹೋಳು ತಿನ್ನಲಿ? ಫಾಸ್ಫರಸ್ ತಗ್ಗಿಸುವ ಮಾತ್ರೆಯನ್ನು ತಿಂಡಿಯ ಜೊತೆಗೂ ನುಂಗಬೇಕೇ?’ ಎಂದು ಕೇಳಿ. ಡಾಕ್ಟರಿಗೆ ಸಮಯ ಕಡಿಮೆಯೆನ್ನಿಸಿದರೆ ಡಯಾಲಿಸಿಸ್ ಘಟಕದ ನರ್ಸ್ ಅಕ್ಕನನ್ನೋ ಟೆಕ್ನಿಷಿಯನ್ನರನ್ನೋ ಕೇಳಿ. ವಾರವಾರವೂ ನಿಮ್ಮ ತೂಕ ಬರೆದುಕೊಳ್ಳುವವರು ಅವರೇ.